ಊರಿನ ಉದ್ಯಾನ: ಕಾಯಬೇಕಾದರೆ ಅಳೆಯಬೇಕು

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲುಕೆತ್ತನೆಗೆ ಹೆಸರಾದ ಊರು. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ಬಿದ್ದ ಕಲ್ಲಿನ ಮೇಲೆ ಬರಿಗೈ ಇಡುವುದು ಕಷ್ಟ ಎಂಬುದನ್ನು ಅಲ್ಲಿನ ಶಿಲ್ಪಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹೊತ್ತಿನಲ್ಲಿ, ಅದೇ ಬಿಸಿಲಿನಲ್ಲಿರುವ ಹೊಂಗೆಯ ಎಲೆಯನ್ನು ಮುಟ್ಟಿ ನೋಡಿ. ಅದು ಸುಡುವುದಿಲ್ಲ. ಒಂದೇ ಸೂರ್ಯ, ಒಂದೇ ಹೊತ್ತು. ಆದರೂ ಕಲ್ಲು ಕಾಯುತ್ತದೆ, ಎಲೆ ಕಾಯುವುದಿಲ್ಲ. ಏಕೆ?

ಇದು ಭೌತವಿಜ್ಞಾನದ ಪ್ರಶ್ನೆ. ಆದರೆ ಇದರ ಉತ್ತರ ತರಗತಿಯ ಹೊರಗೂ ಬೇಕಾಗಿದೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಬಡಾವಣೆಯ ಉದ್ಯಾನ ಎಂದರೆ ಇನ್ನೂ ಕಟ್ಟಡ ಏಳದ ಖಾಲಿ ಜಾಗ ಎಂಬ ಭಾವನೆ ಇದೆ. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದು ಮೂಲೆಯಲ್ಲಿ ಸಮುದಾಯ ಭವನ, ನಡುವೆ ಸಿಮೆಂಟ್ ಇಟ್ಟಿಗೆಯ ಹಾಸು, ಅದರ ಮೇಲೆ ಕಲ್ಲುಬೆಂಚು. ಉಳಿದ ಅಂಗುಲದಲ್ಲಿ ಕುಂಡದ ಗಿಡ. ಇವೆಲ್ಲ ಒಂದೇ ದಿನ ಬರುವುದಿಲ್ಲ. ಒಂದೊಂದಾಗಿ, ಒಂದೊಂದು ಒಳ್ಳೆಯ ಕಾರಣ ಹೇಳಿಕೊಂಡು ಬರುತ್ತವೆ. ಆಗ ನೆರೆಹೊರೆಯವರು ಏನಾದರೂ ಹೇಳಬೇಕೆಂದು ಹೊರಟರೆ ಅವರ ಬಳಿ ಇರುವುದು ‘ಹಸಿರು ಬೇಕು’ ಎಂಬ ಒಂದು ಮಾತು ಮಾತ್ರ. ಎದುರಿನವರ ಬಳಿ ನಕ್ಷೆ, ಅಂದಾಜುಪಟ್ಟಿ, ಮಂಜೂರಾತಿ ಎಲ್ಲವೂ ಇರುತ್ತವೆ. ಆದ್ದರಿಂದ ಉದ್ಯಾನದ ಪರವಾಗಿ ಮಾತನಾಡುವವರಿಗೂ ಅಂಕಿಗಳು ಬೇಕು. ಆ ಅಂಕಿಗಳನ್ನು ಪಡೆಯುವ ಬಗೆಯೇ ಈ ಲೇಖನದ ವಿಷಯ.

ಕಲ್ಲು ಮತ್ತು ಎಲೆ

ನಮ್ಮ ಅಕ್ಷಾಂಶದಲ್ಲಿ ಮೋಡವಿಲ್ಲದ ಬೇಸಿಗೆಯ ನಡುಹಗಲು ಒಂದು ಚದರ ಮೀಟರ್ ನೆಲದ ಮೇಲೆ ಸೆಕೆಂಡಿಗೆ 900ರಿಂದ 1,000 ಜೂಲ್‌ನಷ್ಟು ಸೌರಶಕ್ತಿ ಬೀಳುತ್ತದೆ. ಕಲ್ಲುಹಾಸು ಇದರ ಮುಕ್ಕಾಲು ಭಾಗದಷ್ಟನ್ನು ಹೀರುತ್ತದೆ. ಮರದ ಹಂದರವೂ ಹೆಚ್ಚುಕಡಿಮೆ ಅಷ್ಟನ್ನೇ ಹೀರುತ್ತದೆ. ಎಲೆಗಳು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುವುದರಿಂದ ತಂಪಾಗಿವೆ ಎಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ವ್ಯತ್ಯಾಸವಿರುವುದು ಹೀರಿದ ಶಕ್ತಿಯನ್ನು ವಿಲೇವಾರಿ ಮಾಡುವ ರೀತಿಯಲ್ಲಿ.

ಕಲ್ಲಿಗೆ ಮೂರು ದಾರಿಗಳಿವೆ: ಒಳಕ್ಕೆ ವಹನ, ಮೇಲಿನ ಗಾಳಿಗೆ ಸಂವಹನ, ಸುತ್ತಮುತ್ತಲಿಗೆ ವಿಕಿರಣ. ಈ ಮೂರೂ ಚುರುಕಾಗಬೇಕಾದರೆ ಕಲ್ಲಿನ ಮೇಲ್ಮೈ ಮೊದಲು ಬಿಸಿಯಾಗಬೇಕು. ಎಲೆಗೆ ನಾಲ್ಕನೆಯ ದಾರಿಯೊಂದಿದೆ. ಬೇರಿನಿಂದ ಬಂದ ನೀರು ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಬೀಳುತ್ತದೆ. ಇದೇ ಬಾಷ್ಪವಿಸರ್ಜನೆ. ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಎಲೆಯೇ ಒದಗಿಸುತ್ತದೆ. ಹೀಗಾಗಿ ಹೀರಿದ ಶಕ್ತಿಯ ದೊಡ್ಡ ಪಾಲು ಉಷ್ಣತೆಯನ್ನು ಏರಿಸದೆಯೇ ಹೊರಟುಹೋಗುತ್ತದೆ. ಇದಲ್ಲದೆ ಎಲೆಗಳು ತೆಳ್ಳಗೆ, ಚಿಕ್ಕದಾಗಿ, ಗಾಳಿಯ ನಡುವೆ ತೂಗಾಡುತ್ತಿರುವುದರಿಂದ ಗಾಳಿಗೆ ಶಾಖ ಒಪ್ಪಿಸುವ ಕೆಲಸವೂ ಅವಕ್ಕೆ ಸುಲಭ.

ನೂರು ಲೀಟರ್ ನೀರಿನ ಲೆಕ್ಕ

ಚೆನ್ನಾಗಿ ನೀರು ಸಿಗುವ, ಆರು ಮೀಟರ್ ಅಗಲದ ಹಂದರವುಳ್ಳ ಒಂದು ಮರ ದಿನಕ್ಕೆ 100 ಲೀಟರ್ ನೀರನ್ನು ಆವಿಯಾಗಿಸುತ್ತದೆ ಎಂದಿಟ್ಟುಕೊಳ್ಳೋಣ. 30 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು 2.43 ಮೆಗಾಜೂಲ್ ಬೇಕು. ಅಂದರೆ ನೂರು ಲೀಟರಿಗೆ 243 ಮೆಗಾಜೂಲ್. ನಮಗೆ ಪರಿಚಿತವಾದ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 67 ಯೂನಿಟ್. ‘ಒಂದು ಟನ್’ ಸಾಮರ್ಥ್ಯದ ಹವಾನಿಯಂತ್ರಕ ಸೆಕೆಂಡಿಗೆ ಸುಮಾರು 3,500 ಜೂಲ್ ಶಾಖವನ್ನು ಕೋಣೆಯಿಂದ ಹೊರಗೆ ಸಾಗಿಸುತ್ತದೆ. 243 ಮೆಗಾಜೂಲ್ ಸಾಗಿಸಲು ಅದು ಸುಮಾರು 19 ಗಂಟೆ ಓಡಬೇಕು.

ಈ ಹೋಲಿಕೆ ಆಕರ್ಷಕವಾಗಿದೆ, ಆದರೆ ಎಚ್ಚರಿಕೆಯಿಂದ ಬಳಸಬೇಕು. ಹವಾನಿಯಂತ್ರಕ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುತ್ತದೆ. ಮರ ಬಯಲಿನಲ್ಲಿದೆ, ಅದು ತಂಪಾಗಿಸಿದ ಗಾಳಿಯನ್ನು ಬೀಸುವ ಗಾಳಿ ಹೊತ್ತೊಯ್ಯುತ್ತದೆ. ಒಂದು ಮರದ ಕೆಳಗಿನ ಗಾಳಿಯ ಉಷ್ಣತೆ ಹೊರಗಿನದಕ್ಕಿಂತ ಬಹಳ ಕಡಿಮೆ ಇರಬೇಕಾಗಿಲ್ಲ. ಆದರೂ ನೆರಳಿಗೆ ಬಂದೊಡನೆ ಹಾಯೆನಿಸುವುದೇಕೆ? ನಮ್ಮ ದೇಹ ಗಾಳಿಯ ಉಷ್ಣತೆಯನ್ನಷ್ಟೇ ಅನುಭವಿಸುವುದಿಲ್ಲ. ನೇರ ಬಿಸಿಲು, ಕಾದ ರಸ್ತೆ ಮತ್ತು ಗೋಡೆಗಳಿಂದ ಹೊರಡುವ ಅವಗೆಂಪು ವಿಕಿರಣ ಇವೂ ನಮ್ಮನ್ನು ಕಾಯಿಸುತ್ತವೆ. ಮರ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದು ಹುಟ್ಟದಂತೆ ನೋಡಿಕೊಳ್ಳುತ್ತದೆ.

ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಮರಗಳಿರುವ ಮತ್ತು ಇಲ್ಲದ ರಸ್ತೆಯ ತುಣುಕುಗಳನ್ನು ಹೋಲಿಸಿದರು. ಮರಗಳಿರುವಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಗರಿಷ್ಠ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಇತ್ತು. ರಸ್ತೆಯ ಮೇಲ್ಮೈಯ ಉಷ್ಣತೆಯಾದರೋ ಗರಿಷ್ಠ 27.5 ಡಿಗ್ರಿಯಷ್ಟು ಕಡಿಮೆ ಇತ್ತು. ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ನೆರಳಿನ ಮುಖ್ಯ ಉಪಕಾರ ಮೇಲ್ಮೈಗಳನ್ನು ತಂಪಾಗಿಡುವುದರಲ್ಲಿದೆ.

ಇನ್ನೊಂದು ಮಾತನ್ನು ಮರೆಯಬಾರದು. ನಮ್ಮ ಮರದ ಹಂದರದ ವಿಸ್ತೀರ್ಣ ಸುಮಾರು 28 ಚದರ ಮೀಟರ್. ಬೇಸಿಗೆಯ ಒಂದು ದಿನ ಅದರ ಮೇಲೆ ಬೀಳುವ ಸೌರಶಕ್ತಿ ಸುಮಾರು 600 ಮೆಗಾಜೂಲ್. ಅದರಲ್ಲಿ ಐದನೇ ಎರಡು ಪಾಲನ್ನು ನೂರು ಲೀಟರ್ ನೀರು ಒಯ್ಯುತ್ತದೆ. ಆ ನೀರು ಬೇರಿಗೆ ಸಿಗದಿದ್ದರೆ? ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ತಂಪು ನಿಲ್ಲುತ್ತದೆ, ನೆರಳು ಮಾತ್ರ ಉಳಿಯುತ್ತದೆ. ಬುಡದವರೆಗೂ ಸಿಮೆಂಟ್ ಮೆತ್ತಿದ ಮರ ಬದುಕಿದ್ದರೂ ಅರ್ಧ ಕೆಲಸವನ್ನಷ್ಟೇ ಮಾಡುತ್ತಿರುತ್ತದೆ. ಉದ್ಯಾನವೆಂದರೆ ಮರಗಳ ಸಂಖ್ಯೆಯಲ್ಲ. ಮರ, ಮಣ್ಣು, ನೀರು ಮೂರೂ ಸೇರಿದ ಒಂದು ವ್ಯವಸ್ಥೆ.

ರಾತ್ರಿಯ ಶಾಖ

ಕಲ್ಲುಹಾಸಿನ ದೋಷ ಹಗಲಿಗೆ ಮುಗಿಯುವುದಿಲ್ಲ. ಬೆಣಚುಕಲ್ಲಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2,650 ಕಿ.ಗ್ರಾಂ, ವಿಶಿಷ್ಟೋಷ್ಣ ಕಿ.ಗ್ರಾಂಗೆ ಸುಮಾರು 790 ಜೂಲ್. ಐದು ಸೆಂ.ಮೀ. ದಪ್ಪದ ಒಂದು ಚದರ ಮೀಟರ್ ಚಪ್ಪಡಿ 20 ಡಿಗ್ರಿಯಷ್ಟು ಬಿಸಿಯಾದರೆ ಅದರಲ್ಲಿ ಸುಮಾರು 2.1 ಮೆಗಾಜೂಲ್ ಶಾಖ ಸೇರಿಕೊಂಡಿರುತ್ತದೆ. ಮೇಲಾಗಿ ಕಲ್ಲು ಮಣ್ಣಿಗಿಂತ ಒಳ್ಳೆಯ ಉಷ್ಣವಾಹಕ. ಹಗಲುರಾತ್ರಿಗಳ ಉಷ್ಣತೆಯ ಏರಿಳಿತ ಒಣಮಣ್ಣಿನಲ್ಲಿ ಎಂಟು-ಹತ್ತು ಸೆಂಟಿಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಬಹಳಮಟ್ಟಿಗೆ ಕುಗ್ಗಿರುತ್ತದೆ. ಗಟ್ಟಿ ಬೆಣಚುಕಲ್ಲಿನಲ್ಲಿ ಅಷ್ಟೇ ಕುಗ್ಗಲು ಸುಮಾರು 20 ಸೆಂಟಿಮೀಟರ್ ಬೇಕು. ಹೀಗೆ ಹಗಲೆಲ್ಲ ಒಳಕ್ಕೆ ಇಳಿದ ಶಾಖ ಸಂಜೆಯಿಂದ ನಿಧಾನವಾಗಿ ಹೊರಬರುತ್ತದೆ. ಸೂರ್ಯ ಮುಳುಗಿ ಮೂರು ಗಂಟೆಯಾದ ಮೇಲೂ ಪಟ್ಟಣದ ಬೀದಿ ಬಿಸಿಯಾಗಿರುವುದಕ್ಕೆ, ಊರಾಚೆಯ ಹೊಲ ಅಷ್ಟು ಹೊತ್ತಿಗೆ ತಣ್ಣಗಾಗಿರುವುದಕ್ಕೆ ಇದು ಮುಖ್ಯ ಕಾರಣ.

ಇಲ್ಲಿ ಮರದ ಮಿತಿಯೂ ಗೊತ್ತಿರಬೇಕು. ದಟ್ಟವಾದ ಹಂದರ ರಾತ್ರಿಯಲ್ಲಿ ನೆಲದಿಂದ ಆಕಾಶಕ್ಕೆ ಹೋಗುವ ವಿಕಿರಣವನ್ನು ತಡೆಯುತ್ತದೆ. ಆದ್ದರಿಂದ ನಡುರಾತ್ರಿ ಮರದ ಕೆಳಗಿಗಿಂತ ಬಯಲಿನ ಹುಲ್ಲುನೆಲ ಹೆಚ್ಚು ತಂಪು. ಒಳ್ಳೆಯ ಉದ್ಯಾನದಲ್ಲಿ ಹಗಲಿಗೆ ಮರಗಳ ನೆರಳು, ರಾತ್ರಿಗೆ ತೆರೆದ ಮಣ್ಣಿನ ಅಂಗಳ ಎರಡೂ ಇರಬೇಕು. ‘ಆಟದ ಬಯಲು ಸುಮ್ಮನೆ ಖಾಲಿ ಬಿದ್ದಿದೆ’ ಎನ್ನುವವರಿಗೆ ಇದು ಉತ್ತರ.

ಮಳೆ ಬಂದಾಗ

ಕೋಲಾರ ಜಿಲ್ಲೆಯ ಸರಾಸರಿ ವಾರ್ಷಿಕ ಮಳೆ ಸುಮಾರು 700ರಿಂದ 750 ಮಿ.ಮೀ. ಜೀವನದಿ ಇಲ್ಲದ ಈ ಜಿಲ್ಲೆ ಬದುಕಿರುವುದು ಕೆರೆ ಮತ್ತು ಅಂತರ್ಜಲದಿಂದ. ಬೆಂಗಳೂರಿನ ಸಂಸ್ಕರಿಸಿದ ಬಳಕೆನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು ಎಂಬುದೇ ನೀರಿನ ಕೊರತೆ ಎಷ್ಟೆಂದು ತಿಳಿಸುತ್ತದೆ. ಇಂಥಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ನೆಲಕ್ಕೆ ಬೆಲೆ ಕಟ್ಟಲು ಸಾಧ್ಯವೆ? ಸಾಧ್ಯ.

ಒಂದು ಎಕರೆ ಎಂದರೆ 4,047 ಚದರ ಮೀಟರ್. 50 ಮಿ.ಮೀ. ಮಳೆ ಬಂದರೆ ಅದರ ಮೇಲೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ಸಡಿಲವಾದ ಮಣ್ಣು, ಹುಲ್ಲು, ತರಗೆಲೆ ಇರುವ ನೆಲದಿಂದ ಐದರಲ್ಲಿ ಒಂದು ಪಾಲು ಹರಿದುಹೋಗುತ್ತದೆಂದು ಇಟ್ಟುಕೊಂಡರೆ ಚರಂಡಿಗೆ ಸೇರುವುದು 40 ಸಾವಿರ ಲೀಟರ್. ಅದೇ ನೆಲಕ್ಕೆ ಸಿಮೆಂಟ್ ಹಾಸಿದರೆ ಹತ್ತರಲ್ಲಿ ಒಂಬತ್ತು ಪಾಲು ಹರಿಯುತ್ತದೆ. ಆಗ ಚರಂಡಿಗೆ ಸೇರುವುದು 1 ಲಕ್ಷ 80 ಸಾವಿರ ಲೀಟರ್. ಒಂದೇ ಮಳೆಯಲ್ಲಿ 1 ಲಕ್ಷ 40 ಸಾವಿರ ಲೀಟರ್ ವ್ಯತ್ಯಾಸ. ಮಣ್ಣು ಹಿಡಿದ ನೀರೆಲ್ಲವೂ ಅಂತರ್ಜಲವಾಗುವುದಿಲ್ಲ. ಒಂದು ಭಾಗ ಮಣ್ಣಿನಲ್ಲೇ ನಿಂತು ಮುಂದೆ ಮರಗಳ ಮೂಲಕ ಆವಿಯಾಗುತ್ತದೆ. ಅದೂ ನಷ್ಟವಲ್ಲ. ಮೇಲೆ ಹೇಳಿದ ನೂರು ಲೀಟರ್ ಬರುವುದು ಅಲ್ಲಿಂದಲೇ.

ಕೈಬಿಡಬೇಕಾದ ವಾದಗಳು

ಒಳ್ಳೆಯ ಕೆಲಸಕ್ಕೆ ತಪ್ಪು ಕಾರಣ ಕೊಟ್ಟರೆ ಕೆಲಸವೇ ದುರ್ಬಲವಾಗುತ್ತದೆ. ಉದ್ಯಾನದ ಪರವಾಗಿ ಹೇಳುವ ಎರಡು ಜನಪ್ರಿಯ ವಾದಗಳನ್ನು ಪರೀಕ್ಷಿಸೋಣ.

ಮೊದಲನೆಯದು, ‘ಉದ್ಯಾನವಿಲ್ಲದಿದ್ದರೆ ನಮಗೆ ಆಕ್ಸಿಜನ್ ಸಾಲುವುದಿಲ್ಲ’ ಎಂಬುದು. ಕೋಲಾರದ ಎತ್ತರದಲ್ಲಿ ಒಂದು ಚದರ ಮೀಟರ್ ನೆಲದ ಮೇಲಿರುವ ಗಾಳಿಯ ಕಂಬದ ರಾಶಿ ಸುಮಾರು 9,400 ಕಿ.ಗ್ರಾಂ. ಅದರಲ್ಲಿ ಆಕ್ಸಿಜನ್ 2,000 ಕಿ.ಗ್ರಾಂಗೂ ಹೆಚ್ಚು. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಸುಮಾರು 0.8 ಕಿ.ಗ್ರಾಂ. ಅಂದರೆ ಒಂದು ಚದರ ಮೀಟರ್ ನೆಲದ ಮೇಲಿನ ಆಕ್ಸಿಜನ್ ಒಬ್ಬನಿಗೆ ಆರೇಳು ವರ್ಷ ಸಾಕು! ಗಾಳಿ ಸದಾ ಬೆರೆಯುತ್ತಲೂ ಇರುತ್ತದೆ. ಬಡಾವಣೆಯ ಉದ್ಯಾನ ಹೋದರೆ ಆಕ್ಸಿಜನ್ ಕಡಿಮೆಯಾಗುತ್ತದೆ ಎಂದು ಸಭೆಯಲ್ಲಿ ಹೇಳಿದರೆ ವಿಷಯ ಬಲ್ಲ ಒಬ್ಬ ಎಂಜಿನಿಯರ್ ಎರಡೇ ನಿಮಿಷದಲ್ಲಿ ಅದನ್ನು ಬೀಳಿಸಿಬಿಡಬಹುದು. ಅದರೊಂದಿಗೆ ನಿಮ್ಮ ಸರಿಯಾದ ವಾದಗಳೂ ಅನುಮಾನಕ್ಕೆ ಒಳಗಾಗುತ್ತವೆ.

ಎರಡನೆಯದು, ‘ಮರಗಳ ಸಾಲು ಸದ್ದನ್ನು ತಡೆಯುತ್ತದೆ’ ಎಂಬುದು. ಒಂದೆರಡು ಸಾಲು ಮರಗಳಿಂದ ವಾಹನದ ಸದ್ದು ಕಡಿಮೆಯಾಗುವುದು ಅತ್ಯಲ್ಪ. ಶಬ್ದದ ಅಲೆಗಳು ಕೊಂಬೆಗಳ ನಡುವೆ ಸುಲಭವಾಗಿ ನುಸುಳುತ್ತವೆ. ಆದರೆ ಉದ್ಯಾನದೊಳಗೆ ಸದ್ದು ಕಡಿಮೆ ಇರುವುದು ನಿಜ. ಅದಕ್ಕೆ ಕಾರಣ ದೂರ. ಸತತ ವಾಹನ ಸಂಚಾರವಿರುವ ರಸ್ತೆಯಿಂದ ದೂರ ದುಪ್ಪಟ್ಟಾದಂತೆಲ್ಲ ಸದ್ದಿನ ಮಟ್ಟ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. 10 ಮೀಟರಿನಿಂದ 40 ಮೀಟರಿಗೆ ಸರಿದರೆ 6 ಡೆಸಿಬೆಲ್. ಮೆತ್ತನೆಯ ಮಣ್ಣು ಇನ್ನಷ್ಟು ಹೀರುತ್ತದೆ. ಉದ್ಯಾನ ಚಿಕ್ಕದಾದರೆ ಈ ದೂರವೇ ಇಲ್ಲವಾಗುತ್ತದೆ.

ಕಾಲು ಭಾಗ ಹೋದರೆ ಹೋಗುವುದೆಷ್ಟು?

ಇದು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. 64 ಮೀಟರ್ ಬದಿಯ ಚೌಕಾಕಾರದ ಉದ್ಯಾನವನ್ನು ತೆಗೆದುಕೊಳ್ಳಿ. ವಿಸ್ತೀರ್ಣ 4,096 ಚದರ ಮೀಟರ್, ಒಂದು ಎಕರೆಗಿಂತ ತುಸು ಹೆಚ್ಚು. ಸುತ್ತಲಿನ ರಸ್ತೆಯ ಬಿಸಿಗಾಳಿ, ದೂಳು, ಸದ್ದು ಅಂಚಿನಿಂದ 8 ಮೀಟರ್ ಒಳಗಿನವರೆಗೆ ಹೆಚ್ಚಾಗಿ ತಟ್ಟುತ್ತವೆ ಎಂದು ಭಾವಿಸೋಣ. ಆಗ ಚೆನ್ನಾಗಿ ಕಾಪಾಡಲ್ಪಟ್ಟ ಒಳಭಾಗ 48 ಮೀಟರ್ ಬದಿಯ ಚೌಕ, ಅಂದರೆ 2,304 ಚದರ ಮೀಟರ್. ಒಟ್ಟು ವಿಸ್ತೀರ್ಣದ ಶೇ. 56.

ಈಗ ಒಂದು ಮೂಲೆಯಲ್ಲಿ 32 ಮೀಟರ್ ಬದಿಯ ಜಾಗವನ್ನು ಒಂದು ಭವನಕ್ಕೆ ಕೊಟ್ಟೆವು ಎನ್ನಿ. ಹೋದದ್ದು ಕಾಲು ಭಾಗ ಮಾತ್ರ ಎನ್ನುತ್ತೇವೆ. ಆದರೆ ಭವನದ ಎರಡು ಗೋಡೆಗಳ ಉದ್ದಕ್ಕೂ ಹೊಸ ಅಂಚು ಹುಟ್ಟಿತು. ಅಲ್ಲಿಂದಲೂ 8 ಮೀಟರ್ ಬಿಟ್ಟು ಲೆಕ್ಕ ಹಾಕಿದರೆ ಉಳಿಯುವ ಒಳಭಾಗ ಸುಮಾರು 1,290 ಚದರ ಮೀಟರ್. ನೆಲದ ನಷ್ಟ ಶೇ. 25, ಒಳಭಾಗದ ನಷ್ಟ ಶೇ. 44!

ಅದೇ ಉದ್ಯಾನವನ್ನು ನಾಲ್ಕು ಸಮಭಾಗ ಮಾಡಿ ನಾಲ್ಕು ಕಡೆ ಇಟ್ಟರೆ ಒಟ್ಟು ವಿಸ್ತೀರ್ಣ ಬದಲಾಗದಿದ್ದರೂ ಒಳಭಾಗ ಶೇ. 25ಕ್ಕೆ ಇಳಿಯುತ್ತದೆ. ಹದಿನಾರು ತುಂಡು ಮಾಡಿದರೆ ಒಳಭಾಗವೇ ಇಲ್ಲ. ‘ಇಲ್ಲಿ ತೆಗೆದುಕೊಂಡದ್ದನ್ನು ಬೇರೆಡೆ ಸಣ್ಣಸಣ್ಣದಾಗಿ ಕೊಡುತ್ತೇವೆ’ ಎಂಬ ಭರವಸೆಯನ್ನು ಈ ಲೆಕ್ಕದಿಂದ ಅಳೆಯಬೇಕು. 8 ಮೀಟರ್ ಎಂಬುದು ನಮ್ಮ ಊಹೆ. ನಿಜವಾದ ಅಗಲ ಮರಗಳ ದಟ್ಟಣೆ, ಗಾಳಿಯ ದಿಕ್ಕು, ರಸ್ತೆಯ ಅಗಲ ಇವನ್ನು ಅವಲಂಬಿಸಿದೆ. ಅದನ್ನು ಅಳೆದೇ ತಿಳಿಯಬೇಕು.

ಒಂದು ಬಡಾವಣೆಯ ಹೋರಾಟ

ಇಷ್ಟೆಲ್ಲ ಲೆಕ್ಕ ಹಾಕಿದರೂ ಸಾಮಾನ್ಯ ನಾಗರಿಕರ ಮಾತು ನಡೆಯುತ್ತದೆಯೆ? ನಡೆದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಯೋಜನೆಯಲ್ಲಿ ಮೀಸಲಾಗಿದ್ದ ಬಯಲು ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟ್‌ಗೆ ಹಂಚಿಕೆ ಮಾಡಲಾಯಿತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು. ವಿಭಾಗೀಯ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಟ್ರಸ್ಟ್ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮನವಿಯನ್ನು ವಜಾ ಮಾಡಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂಬ ಈ ಮೊಕದ್ದಮೆಯನ್ನು ದೇಶದ ಬೇರೆ ಬೇರೆ ನ್ಯಾಯಾಲಯಗಳು ಉದ್ಯಾನಗಳ ವಿಚಾರ ಬಂದಾಗ ಇಂದಿಗೂ ನೆನೆಯುತ್ತವೆ.

ಎದುರಿಗಿದ್ದುದು ಮದ್ಯದಂಗಡಿಯಲ್ಲ, ಆಸ್ಪತ್ರೆ. ಆಸ್ಪತ್ರೆ ಬೇಡವೆನ್ನುವವರು ಯಾರು? ನ್ಯಾಯಾಲಯವೂ ಆಸ್ಪತ್ರೆಯ ಅಗತ್ಯವನ್ನು ಅಲ್ಲಗಳೆಯಲಿಲ್ಲ. ಸಾರ್ವಜನಿಕ ಉದ್ಯಾನ ಮತ್ತು ಖಾಸಗಿ ಆಸ್ಪತ್ರೆ ಬೇರೆ ಬೇರೆ ಅಗತ್ಯಗಳನ್ನು ಪೂರೈಸುತ್ತವೆ, ಎಲ್ಲರ ಬಳಕೆಗೆ ಮೀಸಲಾದ ಜಾಗವನ್ನು ಅಧಿಕಾರದಲ್ಲಿರುವವರು ತಮ್ಮ ವಿವೇಚನೆಯ ಹೆಸರಿನಲ್ಲಿ ಖಾಸಗಿಯವರಿಗೆ ಕೊಡಲು ಬಾರದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಎಂಬುದು ತೀರ್ಪಿನ ತಿರುಳು. ಇದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು: ಆಸ್ಪತ್ರೆಯನ್ನು ಇನ್ನೊಂದು ನಿವೇಶನದಲ್ಲಿ ಕಟ್ಟಬಹುದು, ಮನೆಗಳ ನಡುವಿನ ಬಯಲನ್ನು ಮನೆಗಳೆದ್ದ ಮೇಲೆ ಇನ್ನೊಂದು ಕಡೆ ಹುಟ್ಟಿಸಲಾಗದು. ಇದು ಹಿಂದಿರುಗಿಸಲಾಗದ ಪ್ರಕ್ರಿಯೆ.

1976ರಿಂದ 1991ರವರೆಗೆ ಹದಿನೈದು ವರ್ಷ. ನಿವಾಸಿಗಳ ಕೈಯಲ್ಲಿ ಇದ್ದ ಬಲವಾದ ಆಧಾರವೆಂದರೆ ಆ ಜಾಗ ಉದ್ಯಾನಕ್ಕೆ ಮೀಸಲೆಂದು ತೋರಿಸುವ ಮೂಲ ಯೋಜನೆ. ಈ ನಡುವೆ ಕಾನೂನೂ ಬಿಗಿಯಾಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ 38ಎ ವಿಧಿ ಸೇರಿ, ಉದ್ಯಾನ ಮತ್ತು ಆಟದ ಮೈದಾನಕ್ಕೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರುವುದಾಗಲಿ ವಿಲೇವಾರಿ ಮಾಡುವುದಾಗಲಿ ಅಸಿಂಧು ಎಂದಾಯಿತು. ಅದೇ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಬಡಾವಣೆಯ ಶೇ. 15ಕ್ಕೆ ಕಡಿಮೆಯಿಲ್ಲದ ಜಾಗ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿರಬೇಕು. ಇದು ಬೆಂಗಳೂರಿನ ಮಾತಾಯಿತು. ನಮ್ಮ ಇತರ ಪಟ್ಟಣಗಳಿಗೆ ಉಪಯುಕ್ತವಾದದ್ದು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ಸಂರಕ್ಷಣೆ ಮತ್ತು ನಿಯಂತ್ರಣ ಕಾಯ್ದೆ. ಉದ್ಯಾನಗಳ ಪಟ್ಟಿಯನ್ನು ನಕ್ಷೆಯೊಂದಿಗೆ ತಯಾರಿಸುವುದು ಇದರ ಮುಖ್ಯ ಅಂಶ. ಮರ ಕಡಿಯುವುದಕ್ಕೆ ಅನುಮತಿ ಬೇಕೆನ್ನುವ 1976ರ ಮರ ಸಂರಕ್ಷಣಾ ಕಾಯ್ದೆಯೂ ಇದೆ. ನಿಮ್ಮ ಉದ್ಯಾನದ ನಕ್ಷೆ, ಸರ್ವೆ ಸಂಖ್ಯೆ ಮತ್ತು ಅಳತೆಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲಕ ಯಾರು ಬೇಕಾದರೂ ಕೇಳಿ ಪಡೆಯಬಹುದು. ವಿವಾದ ಹುಟ್ಟುವ ಮೊದಲೇ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲರದ್ದು ಯಾರದ್ದೂ ಅಲ್ಲವೆ?

ನ್ಯಾಯಾಲಯ ಬಯಲನ್ನು ಉಳಿಸಬಹುದು, ಗಿಡಕ್ಕೆ ನೀರು ಹಾಕುವುದಿಲ್ಲ. ದಿನನಿತ್ಯದ ಆರೈಕೆ ನೆರೆಹೊರೆಯವರದ್ದೇ. ಎಲ್ಲರಿಗೂ ಸೇರಿದ ಆಸ್ತಿ ಹಾಳಾಗಿಯೇ ತೀರುತ್ತದೆ ಎಂಬ ವಾದವನ್ನು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಮಂಡಿಸಿದರು. ಹಾಗೇನೂ ಆಗಬೇಕಿಲ್ಲ ಎಂದು ಎಲಿನಾರ್ ಆಸ್ಟ್ರಮ್ ಜಗತ್ತಿನ ನಾನಾ ಕಡೆಯ ಕಾಡು, ನೀರಾವರಿ, ಮೀನುಗಾರಿಕೆಯ ಉದಾಹರಣೆಗಳಿಂದ ತೋರಿಸಿದರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಉಳಿದುಬಂದ ಸಮುದಾಯದ ಆಸ್ತಿಗಳಲ್ಲಿ ಕೆಲವು ಸಮಾನ ಲಕ್ಷಣಗಳನ್ನು ಅವರು ಗುರುತಿಸಿದರು. ಎಲ್ಲೆ ಸ್ಪಷ್ಟವಾಗಿರಬೇಕು. ನಿಯಮಗಳನ್ನು ಬಳಸುವವರೇ ಮಾಡಬೇಕು. ನಿಗಾ ಇಡುವವರು ಇರಬೇಕು. ತಪ್ಪಿದವರಿಗೆ ಮೊದಲು ಸಣ್ಣ ದಂಡ, ಮರುಕಳಿಸಿದರೆ ದೊಡ್ಡದು. ಜಗಳ ಬಗೆಹರಿಸಲು ಹತ್ತಿರದಲ್ಲೇ ಒಂದು ಕಟ್ಟೆ ಇರಬೇಕು.

ಇವು ನಮ್ಮ ಸೀಮೆಗೆ ಹೊಸ ಮಾತುಗಳಲ್ಲ. ಕೋಲಾರ ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿ ಇಂಥ ನಿಗಾ ಇಡುವವನೇ. ಊರ ಮುಂದಿನ ಗುಂಡುತೋಪು ಇಂಥದೇ ಆಸ್ತಿ. ಮಾವು, ಹೊಂಗೆ, ಹಿಪ್ಪೆ, ನೇರಳೆ, ಹುಣಿಸೆ ಮರಗಳ ಆ ತೋಪು ದನಕರುಗಳಿಗೆ ನೆರಳಾಗಿ, ಸಂತೆಗೆ ಬಂದವರಿಗೆ ತಂಗುದಾಣವಾಗಿ, ಜಾತ್ರೆಗೆ ಬಯಲಾಗಿ ಬಳಕೆಯಾಗುತ್ತಿತ್ತು. ಪಟ್ಟಣದ ಉದ್ಯಾನ ಗುಂಡುತೋಪಿನ ಮುಂದುವರಿಕೆ. ಬೆಂಗಳೂರಿನ ಅಂಚು ಮಾಲೂರಿನತ್ತ ಬೆಳೆಯುತ್ತಿರುವ ಈ ಕಾಲದಲ್ಲಿ ದಾಖಲೆಗಳಲ್ಲಿ ಗುಂಡುತೋಪು ಎಂದಿರುವ ಜಾಗ ಇಂದು ನೆಲದ ಮೇಲೆ ಏನಾಗಿದೆ ಎಂದು ನೋಡುವುದು ಶಿವಾರಪಟ್ಟಣದಂಥ ಪ್ರತಿ ಊರಿನ ಶಾಲೆಗೂ ಒಳ್ಳೆಯ ಯೋಜನಾಕಾರ್ಯ.

ಶಾಲೆಗಳು ಮಾಡಬಹುದಾದ ನಾಲ್ಕು ಅಳತೆಗಳು

1. ಉಷ್ಣತೆ: ಎರಡು ಥರ್ಮಾಮೀಟರ್ ಸಾಕು. ಮೊದಲು ಎರಡನ್ನೂ ಒಂದೇ ಬಕೆಟ್ ನೀರಿನಲ್ಲಿಟ್ಟು ಓದಿ, ವ್ಯತ್ಯಾಸವಿದ್ದರೆ ಬರೆದಿಟ್ಟುಕೊಳ್ಳಿ. ಒಂದನ್ನು ಉದ್ಯಾನದ ನಡುವೆ, ಇನ್ನೊಂದನ್ನು ಹತ್ತಿರದ ರಸ್ತೆಯ ಬಳಿ, ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿ ಹಿಡಿಯಿರಿ. ಬುರುಡೆಗೆ ನೇರ ಬಿಸಿಲು ತಾಗಬಾರದು. ಎರಡೂ ಕಡೆ ಒಂದೇ ಬಗೆಯ ಬಿಳಿ ರಟ್ಟಿನ ಮರೆ ಇಡಿ, ಗಾಳಿ ಆಡುವಂತಿರಲಿ. ಒಂದೇ ಕ್ಷಣದಲ್ಲಿ ಓದಿ, ಮರುದಿನ ಥರ್ಮಾಮೀಟರುಗಳನ್ನು ಅದಲುಬದಲು ಮಾಡಿ. ಬೆಳಿಗ್ಗೆ 7, ಮಧ್ಯಾಹ್ನ 2, ರಾತ್ರಿ 8 ಗಂಟೆಗೆ ಕನಿಷ್ಠ ಹತ್ತು ದಿನ ಓದಿದರೆ ಮಾತ್ರ ಫಲಿತಾಂಶವನ್ನು ನಂಬಬಹುದು. ಅಂಚಿನಿಂದ ಎರಡೆರಡು ಮೀಟರ್ ಒಳಕ್ಕೆ ಹೋಗುತ್ತ ಓದಿದರೆ ಮೇಲೆ ಊಹಿಸಿದ 8 ಮೀಟರಿನ ನಿಜಸ್ಥಿತಿ ತಿಳಿಯುತ್ತದೆ.

2. ನೀರಿಂಗುವಿಕೆ: ಎರಡೂ ಬದಿ ಕತ್ತರಿಸಿದ, 15 ಸೆಂ.ಮೀ. ವ್ಯಾಸದ ಡಬ್ಬವನ್ನು 5 ಸೆಂ.ಮೀ. ಆಳಕ್ಕೆ ನೆಲಕ್ಕೆ ಒತ್ತಿ. 440 ಮಿಲಿಲೀಟರ್ ನೀರು ಸುರಿಯಿರಿ. ಇದು 25 ಮಿ.ಮೀ. ಮಳೆಗೆ ಸಮ. ಇಂಗಿಹೋಗಲು ಹಿಡಿದ ಕಾಲವನ್ನು ಗುರುತಿಸಿ, ಕೂಡಲೇ ಇನ್ನೊಂದು ಸಲ ಮಾಡಿ. ಎರಡನೆಯ ಸಲದ ಕಾಲವೇ ಹೆಚ್ಚು ಅರ್ಥಪೂರ್ಣ. ಮರದ ಬುಡ, ಜನ ನಡೆದು ಗಟ್ಟಿಯಾದ ದಾರಿ, ಹುಲ್ಲು ಈ ಮೂರು ಕಡೆ ಹೋಲಿಸಿ.

3. ಮರಗಳ ದಾಖಲೆ: ಪ್ರತಿ ಮರಕ್ಕೂ ಒಂದು ಸಂಖ್ಯೆ ಕೊಟ್ಟು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಬರೆಯಿರಿ. ಎತ್ತರವನ್ನು ನೆರಳಿನಿಂದ ಕಂಡುಹಿಡಿಯಬಹುದು: ಒಂದು ಮೀಟರ್ ಕೋಲಿನ ನೆರಳು ಮತ್ತು ಮರದ ನೆರಳನ್ನು ಒಂದೇ ಹೊತ್ತಿನಲ್ಲಿ ಅಳೆದು ಸಮರೂಪ ತ್ರಿಭುಜಗಳ ಸೂತ್ರ ಬಳಸಿ. ಸಂಖ್ಯೆಯಿರುವ ಮರ ಸದ್ದಿಲ್ಲದೆ ಮಾಯವಾಗುವುದು ಕಷ್ಟ.

4. ನೆಲದ ಹಂಚಿಕೆ: ಟೇಪು ಹಿಡಿದು ಉದ್ಯಾನದ ಎಲ್ಲೆಯನ್ನು ಅಳೆದು ಚೌಕಳಿ ಹಾಳೆಯಲ್ಲಿ ನಕ್ಷೆ ಬರೆಯಿರಿ. ಮಣ್ಣು, ಹುಲ್ಲು, ಸಿಮೆಂಟ್, ಕಟ್ಟಡ ಇವಕ್ಕೆ ಬೇರೆ ಬೇರೆ ಬಣ್ಣ ಹಾಕಿ ಚೌಕಗಳನ್ನು ಎಣಿಸಿ. ಈ ನಕ್ಷೆಯನ್ನು ಕಚೇರಿಯಿಂದ ಪಡೆದ ನಕ್ಷೆಯೊಂದಿಗೆ ಹೋಲಿಸಿ. ಪ್ರತಿ ವರ್ಷ ಅದೇ ತಿಂಗಳು ಮತ್ತೆ ಮಾಡಿ.

ಇವಕ್ಕೆ ಖರ್ಚು ಬಹಳ ಕಡಿಮೆ. ಒಂದು ತರಗತಿ ಮುಂದಕ್ಕೆ ಹೋದಾಗ ಪುಸ್ತಕವನ್ನು ಮುಂದಿನ ತರಗತಿಗೆ ಒಪ್ಪಿಸಬೇಕು. ಹತ್ತು ವರ್ಷದ ಇಂಥ ಪುಸ್ತಕವೊಂದು ಪುರಸಭೆಯ ಇಲ್ಲವೆ ಗ್ರಾಮ ಪಂಚಾಯಿತಿಯ ಸಭೆಯ ಮೇಜಿನ ಮೇಲಿದ್ದರೆ ಚರ್ಚೆಯ ಧಾಟಿಯೇ ಬೇರೆಯಾಗುತ್ತದೆ. ಅಳತೆಗಳು ನಾವು ಬಯಸಿದಂತೆ ಬರದೆಯೂ ಇರಬಹುದು. ಒಣಗಿದ, ಗಟ್ಟಿನೆಲದ ಉದ್ಯಾನ ಪಕ್ಕದ ರಸ್ತೆಗಿಂತ ಅಷ್ಟೇನೂ ತಂಪಿಲ್ಲ ಎಂದು ಗೊತ್ತಾಗಬಹುದು. ಆಗ ಅದನ್ನೂ ಹಾಗೆಯೇ ಬರೆದು, ಮಣ್ಣನ್ನು ಸಡಿಲಿಸುವ, ತರಗೆಲೆಯನ್ನು ಸುಡದೆ ಬುಡಕ್ಕೆ ಹಾಸುವ, ಮಳೆನೀರನ್ನು ಒಳಕ್ಕೆ ತಿರುಗಿಸುವ ಕೆಲಸ ಮಾಡಿ ಮುಂದಿನ ಬೇಸಿಗೆಯಲ್ಲಿ ಮತ್ತೆ ಅಳೆಯಬೇಕು.

ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿ ಇದೆ. ನೈಸರ್ಗಿಕ ಪರಿಸರವನ್ನು ಕಾಪಾಡುವುದು ಅದರಲ್ಲಿ ಒಂದು. ಅದರ ಮುಂದಿನ ಸಾಲಿನಲ್ಲೇ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವ ಕರ್ತವ್ಯವಿದೆ. ಅಧ್ಯಾಪಕರು ಈ ಎರಡನ್ನೂ ಒಟ್ಟಿಗೆ ಕಲಿಸಬೇಕೆಂದರೆ ಊರಿನ ಉದ್ಯಾನಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದಿಲ್ಲ. ಬರುವ ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆಗಳ ಗಡಿಬಿಡಿಗೆ ಮೊದಲು, ಎರಡು ಥರ್ಮಾಮೀಟರ್ ಮತ್ತು ಒಂದು ಟೇಪಿನಿಂದ ಆರಂಭಿಸಿ.